ಒದ್ದೆ ಗೋಡೆಯ ಒಣ ಲೆಕ್ಕ

ಸಂಶೋಧನಾ ಸಂಸ್ಥೆಯ ಎರಡನೆಯ ಮಹಡಿಯಲ್ಲಿ ಕೂರುತ್ತಿದ್ದ ಅರ್ಥಶಾಸ್ತ್ರಜ್ಞೆಗೆ ಜೊತೆಯವರು ಇಟ್ಟಿದ್ದ ಹೆಸರು ಜರಡಿ. ಅವಳ ಕೈಯಲ್ಲಿ ನಾಲ್ಕು ಸಲ ಅಲ್ಲಾಡದೆ ಯಾವ ಅಂಕಿಯೂ ಆಚೆಗೆ ಹೋಗುತ್ತಿರಲಿಲ್ಲ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು ಅನ್ನಿ. ಆದರೆ ಅನುಮಾನವನ್ನೇ ಕಸುಬು ಮಾಡಿಕೊಂಡರೆ ಅದು ಕಚೇರಿಯಲ್ಲೇ ಕೂತಿರುವುದಿಲ್ಲ, ಬಾಗಿಲು ಹಾಕಿಕೊಂಡು ಹೊರಟರೆ ಬೆನ್ನ ಹಿಂದೆಯೇ ಮನೆಗೆ ಬರುತ್ತದೆ. ಹಣ್ಣಿನಂಗಡಿಯವನು ಒಂದು ಹಣ್ಣು ಸುಮ್ಮನೆ ಹೆಚ್ಚು ಹಾಕಿದರೆ, ಕೊಳೆತದ್ದಿರಬೇಕು ಎಂದು ಮೂಸಿ ನೋಡುವ ಹೆಂಗಸು ಇವಳು.

ಈ ಸಲ ಆ ಅನುಮಾನ ಹೋಗಿ ಕೂತದ್ದು ಒಡಹುಟ್ಟಿದ ತಮ್ಮನ ಮೇಲೆ.

ತಮ್ಮ ಅದೇ ಸಂಸ್ಥೆಯಲ್ಲಿ ಭೌತವಿಜ್ಞಾನಿ. ಅಕ್ಕ ತಮ್ಮ ಇಬ್ಬರೂ ಒಂದೇ ಕೆಲಸಕ್ಕೆ ಹೆಗಲು ಕೊಟ್ಟಿದ್ದು ಇದೇ ಮೊದಲು. ಊರಂಚಿನಲ್ಲಿ ವಸತಿ ಮಂಡಳಿ ಎಂದೋ ಕಟ್ಟಿಸಿದ ಉದ್ದನೆಯ ಕಟ್ಟಡವೊಂದಿತ್ತು. ಅಲ್ಲಿನ ಮಕ್ಕಳು ಶಾಲೆ ತಪ್ಪಿಸುವುದು ಹೆಚ್ಚು. ಸೋಮಾರಿತನವೋ, ಬಡತನವೋ, ಇಲ್ಲ ಗೋಡೆಯ ತೇವಕ್ಕೆ ಹಿಡಿದ ಕೆಮ್ಮೋ ಎಂದು ಕಂಡುಹಿಡಿಯಬೇಕಿತ್ತು. ಶಿಕ್ಷಣ ವಿಭಾಗದ ಮೇಷ್ಟ್ರು ಶಾಲೆಯ ಹಾಜರಿ ತರುತ್ತಿದ್ದರು. ಮಕ್ಕಳು ಮಲಗುವ ಕೋಣೆಗಳ ಗೋಡೆಯಲ್ಲಿ ಮೊಳೆ ಹೊಡೆದು, ತೇವ ಅಳೆಯುವ ಅಂಗೈಯಗಲದ ಡಬ್ಬಿಗಳನ್ನು ಅವಳ ತಮ್ಮ ನೇತುಹಾಕಿದ್ದ. ಎರಡನ್ನೂ ಸೇರಿಸಿ, ಗೋಡೆ ದುರಸ್ತಿ ಮಾಡಿಸಿದರೆ ಊರಿಗೆ ಆಗುವ ಲಾಭವೇನು ಎಂದು ಹೇಳುವುದು ಅಕ್ಕನ ಪಾಲಿನ ಕೆಲಸ. ತೇವ ಇದೆ ಎಂದು ರುಜುವಾತಾದರೆ ಮಂಡಳಿ ಗೋಡೆ ಸರಿಮಾಡಿಸಲೇಬೇಕಿತ್ತು.

ಮೇಷ್ಟ್ರ ಹಾಜರಿ ನೋಡಿದರೆ ಮಳೆಗಾಲದಲ್ಲಿ ಅರ್ಧಕ್ಕರ್ಧ ಮಕ್ಕಳು ಕೆಮ್ಮಿಕೊಂಡು ಮನೆಯಲ್ಲೇ ಇದ್ದರು. ತಮ್ಮನ ಅಳತೆ ನೋಡಿದರೆ ಮನೆಗಳು ಬಿಸಿಲಿಗೆ ಹರವಿದ ಬಟ್ಟೆಯ ಹಾಗೆ ಗರಿಗರಿ ಒಣಗಿದ್ದವು.

ಡಬ್ಬಿ ಹಾಕಿದ ಮೊದಲ ದಿನ ಅವಳೂ ಆ ಕಟ್ಟಡಕ್ಕೆ ಹೋಗಿದ್ದಳು. ಮೆಟ್ಟಿಲ ಗೋಡೆಗೆ ಕೈಯಿಟ್ಟರೆ ಸುಣ್ಣ ಅಂಗೈಗೆ ಹತ್ತಿಕೊಂಡು ಬರುತ್ತಿತ್ತು. ಅಲ್ಲಿ ಒಣ ಲೆಕ್ಕ ಎಲ್ಲಿಂದ ಹುಟ್ಟಿತು? ಮಂಡಳಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೇ?

"ಮೇಡಂ, ನಾನು ಹೇಳ್ಬಾರದು, ಆದ್ರೂ ಹೇಳ್ತೀನಿ," ಎಂದು ಶುರುಮಾಡಿದರು ಮೇಷ್ಟ್ರು. ಹೇಳಬಾರದ್ದನ್ನು ಬಿಟ್ಟು ಬೇರೆ ಏನನ್ನೂ ಅವರು ಹೇಳಿದವರಲ್ಲ. "ರಜಾ ದಿನ ನಿಮ್ಮ ತಮ್ಮ ಒಬ್ರೇ ಆ ಕಟ್ಟಡದಲ್ಲಿ ಓಡಾಡ್ತಿದ್ರು. ಹೆಗಲಿಗೆ ಚೀಲ ಬೇರೆ. ಒಂದೊಂದೇ ಮನೆಗೆ ನುಗ್ಗೋದು, ಬರೋದು. ನಾನು ಕೂಗಿದ್ರೆ ಕೇಳಿಸ್ದೇ ಇರೋ ಹಾಗೆ ಹೋಗ್ಬಿಟ್ರು."

"ಏನೋ ರಿಪೇರಿ ಇರ್ಬೇಕು ಬಿಡಿ ಮೇಷ್ಟ್ರೇ."

"ಇರ್ಬಹುದು, ಇರ್ಬಹುದು. ಅಂದ ಹಾಗೆ, ಅವರಿಗೆ ಮಂಡಳಿಯಿಂದ ಹೊಸ ಮನೆ ಸಿಕ್ತಂತಲ್ಲ? ಸಿಹಿ ಹಂಚ್ಲೇ ಇಲ್ಲ."

ಮೇಷ್ಟ್ರು ತಲೆಗೆ ಹುಳ ಬಿಟ್ಟು ತಮ್ಮ ಪಾಡಿಗೆ ಚಹಾ ಕುಡಿಯಲು ಹೋದರು. ಇವಳ ಪಾಡು ಯಾರಿಗೆ ಬೇಕು?

ಮನೆ ಸಿಕ್ಕಿದ್ದು ನಿಜ. ತಮ್ಮನ ಹೆಂಡತಿ ಮದುವೆಗೆ ಮೊದಲೇ ಅರ್ಜಿ ಹಾಕಿದ್ದಳಂತೆ, ಲಾಟರಿಯಲ್ಲಿ ಈಗ ಹೆಸರು ಬಂತಂತೆ. ಹಾಗಂತ ಅವನೇ ಹೇಳಿದ್ದ. ಆಗ ಅಕ್ಕನಿಗೆ ಖುಷಿಯಾಗಿತ್ತು. ಈಗ ಆ ಖುಷಿಯನ್ನೂ ಜರಡಿಗೆ ಹಾಕಿದಳು. ಎಲ್ಲ ಬಿಟ್ಟು ಈಗಲೇ ಏಕೆ ಬಂತು? ಈ ಮಂಡಳಿಯಿಂದಲೇ ಏಕೆ ಬಂತು?

ಊಟದ ಹೊತ್ತಿಗೆ ಕೆಳಗಿನ ಪ್ರಯೋಗಾಲಯಕ್ಕೆ ಹೋದಳು. ಅವಳನ್ನು ಕಂಡದ್ದೇ ತಡ, ತಮ್ಮ ಲ್ಯಾಪ್‌ಟಾಪ್ ಮುಚ್ಚಿದ.

"ಏನೋ ಮರಿ ಅದು?"

"ಏನಿಲ್ಲಕ್ಕ. ಹಳೇ ರೀಡಿಂಗು."

"ಹಳೇ ರೀಡಿಂಗಿಗೆ ಯಾಕೆ ಅಷ್ಟು ಗಾಬರಿ?"

"ಗಾಬರಿ ಎಲ್ಲಿ ಬಂತು? ಸ್ವಲ್ಪ ದಿನ ತಡ್ಕೊ, ಎಲ್ಲ ಸರಿಮಾಡಿ ನಿನ್ನ ಮೇಜಿನ ಮೇಲೇ ಇಡ್ತೀನಿ."

ಸರಿಮಾಡುವುದು ಎಂದರೇನು? ಅಳತೆಯನ್ನು ಅಳೆಯುತ್ತಾರೆ, ಸರಿಮಾಡುವುದು ಅಡುಗೆಯ ಉಪ್ಪನ್ನು. ಚಿಕ್ಕಂದಿನಿಂದ ಇವನು ಸುಳ್ಳು ಹೇಳುವಾಗ ಎಡಗಿವಿ ಕೆರೆದುಕೊಳ್ಳುತ್ತಾನೆ. ಈಗಲೂ ಕೆರೆದುಕೊಂಡ. ಇವನನ್ನು ಓದಿಸಲೆಂದು ತನ್ನ ಮದುವೆಯನ್ನೇ ಮುಂದೂಡಿದ್ದ ಅಕ್ಕ ಅವಳು. ಅವನ ಮೊದಲ ಸಂಶೋಧನಾ ಲೇಖನವನ್ನು, ಒಂದಕ್ಷರ ಅರ್ಥವಾಗದಿದ್ದರೂ, ನೆಂಟರಿಗೆಲ್ಲ ತೋರಿಸಿ ಬಂದವಳು. ಕಳ್ಳ ಅಳತೆ ಎಂದು ಒಮ್ಮೆ ಹೆಸರು ಬಿತ್ತೋ, ಯಾವ ಸಂಸ್ಥೆಯೂ ಅವನನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗೆಂದು ಸುಮ್ಮನಿದ್ದರೆ ಆ ಮಕ್ಕಳು ಕೆಮ್ಮುತ್ತಲೇ ಇರುತ್ತವೆ.

ಅವನನ್ನು ಕೂರಿಸಿಕೊಂಡು ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅತ್ತುಬಿಡುತ್ತಾನೆ, ಅವನು ಅತ್ತರೆ ತಾನು ಕರಗಿಬಿಡುತ್ತೇನೆ ಎಂಬ ಹೆದರಿಕೆ. ಹೆದರಿಕೆಗೆ ನ್ಯಾಯನಿಷ್ಠೆ ಎಂದು ಹೆಸರಿಟ್ಟುಕೊಂಡು ಸೀದಾ ನಿರ್ದೇಶಕಿಯ ಕೋಣೆಗೆ ನಡೆದಳು.

"ರೀಡಿಂಗ್ ಮೇಲೆ ನನಗೆ ನಂಬಿಕೆ ಇಲ್ಲ," ಎಂದಳು. ಮನೆಯ ವಿಷಯ, ರಜಾದಿನದ ಓಡಾಟ, ಎಲ್ಲ ಹೇಳಿದಳು. "ನಾನು ಹೇಳಿದ್ದು ಅಂತ ಗೊತ್ತಾಗೋದು ಬೇಡ."

ನಿರ್ದೇಶಕಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿಮ್ಮ ತಮ್ಮ ಅಲ್ವೇನ್ರೀ?"

"ಅದಕ್ಕೇ ಹೇಳ್ತಿರೋದು," ಎಂದಳು. ಅದನ್ನು ಹೇಳುವಾಗ ಎದೆಯುಬ್ಬಿದ್ದು ಆಮೇಲೆ ನೆನಪಾಗಿ ಅವಳಿಗೇ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ಕಚೇರಿಗೆ ಹೋಗದೆ ಕಟ್ಟಡಕ್ಕೆ ಹೋದಳು. ದೂರಿಗೊಂದು ಸಾಕ್ಷಿಯಿದ್ದರೆ ಮನಸ್ಸಿಗೆ ಸಮಾಧಾನ ಎಂದುಕೊಂಡಿದ್ದಳು. ಮೂರನೆಯ ಮಹಡಿಯಲ್ಲಿ ಬಾಗಿಲು ತೆಗೆದವಳು ಹೊಲಿಗೆಯ ಹೆಂಗಸು. ಕುತ್ತಿಗೆಗೆ ಅಳತೆಯ ಟೇಪು, ಬಾಯಲ್ಲಿ ಗುಂಡುಪಿನ್ನು. ಪಿನ್ನು ತೆಗೆದು ನಕ್ಕಳು.

ಮಕ್ಕಳ ಕೋಣೆಯ ಗೋಡೆ ನೆಲದಿಂದ ಸೊಂಟದವರೆಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಮೊಳೆ ಇತ್ತು. ಡಬ್ಬಿ ಇರಲಿಲ್ಲ.

"ಡಬ್ಬಿ ಎಲ್ಲಮ್ಮಾ? ಯಾರು ತಗೊಂಡು ಹೋದ್ರು?" ಅವಳ ದನಿ ಪೊಲೀಸರ ದನಿಯಾಗಿತ್ತು.

"ಅಯ್ಯೋ, ಯಾರೂ ಇಲ್ಲ. ಬನ್ನಿ ತೋರಿಸ್ತೀನಿ."

ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಎತ್ತರದ ಹಲಗೆಯ ಮೇಲೆ, ಹಿಟ್ಟಿನ ಡಬ್ಬದ ಪಕ್ಕ, ಕೂಸಿನ ಉಣ್ಣೆಯ ಟೋಪಿಯೊಳಗೆ ತೇವ ಅಳೆಯುವ ಡಬ್ಬಿ ಬೆಚ್ಚಗೆ ಕೂತಿತ್ತು.

"ಇಡೀ ಮನೇಲಿ ಒಣಗಿರೋ ಜಾಗ ಇದೊಂದೇ ಮೇಡಂ. ಆ ಕೋಣೇಲಿ ಬಿಟ್ರೆ ತೇವಕ್ಕೆ ಕೆಟ್ಟುಹೋಗಲ್ವಾ? ನಮ್ಮ ರೇಡಿಯೋ ಹಾಗೇ ಹೋಯ್ತು. ಎಲ್ಲರ ಮನೇಲೂ ಹೀಗೇ ಇಟ್ಕೊಂಡಿದೀವಿ, ಬೇಕಾದ್ರೆ ನೋಡಿ. ಒಂದಕ್ಕೂ ಏನೂ ಆಗಿಲ್ಲ."

ಅವಳು ಡಬ್ಬಿಯನ್ನು ಟೋಪಿಯಿಂದ ಹೊರತೆಗೆದು, "ಹೀಗಿಡಿ ಅಂತ ಯಾರು ಹೇಳಿದ್ದು?" ಎಂದಳು.

"ನೀವೇ ಅಲ್ವಾ? ಮೊದಲನೇ ದಿನ ಬಂದು ಎಲ್ಲರನ್ನೂ ಕೂರಿಸ್ಕೊಂಡು ಹೇಳಿದ್ರಲ್ಲ, ತುಂಬಾ ಬೆಲೆಬಾಳೋದು, ಮಗು ಥರ ಜೋಪಾನ ಮಾಡಿ ಅಂತ." ಹೆಂಗಸು ಶಾಲೆಯಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳಲು ನಿಂತ ಹುಡುಗಿಯ ಹಾಗೆ ನಿಂತಿದ್ದಳು. "ನಿಮ್ಮ ತಮ್ಮ ಬರ್ತಾರೆ ಪಾಪ. ರೀಡಿಂಗಲ್ಲಿ ಒಲೆ ಹಚ್ಚಿದ್ದೂ ಗೊತ್ತಾಗತ್ತಂತೆ ಅವರಿಗೆ! ಬಂದು ವಾಪಸ್ ಗೋಡೆಗೆ ಹಾಕಿ ಹೋಗ್ತಾರೆ. ಅವರು ಹೋದ್ಮೇಲೆ ಮನಸ್ಸು ತಡೆಯಲ್ಲ, ತೆಗೆದು ಇಲ್ಲೇ ಇಡ್ತೀವಿ. ಅಕ್ಕಂಗೆ ಹೇಳ್ಬೇಡಿ, ತನ್ನ ಮಾತಿಂದ ಹಿಂಗಾಯ್ತು ಅಂತ ಊಟ ಬಿಡ್ತಾಳೆ ಅಂದಿದ್ರು. ನಾನು ಹೇಳ್ಬಿಟ್ನಲ್ಲ!"

ಅವಳು ಮೆಟ್ಟಿಲಲ್ಲೇ ನಿಂತು ನಿರ್ದೇಶಕಿಗೆ ಫೋನು ಮಾಡಿದಳು.

"ಮೇಡಂ, ನಿನ್ನೆ ನಾನು ಹೇಳಿದ್ದೆಲ್ಲ ತಪ್ಪು. ದಯವಿಟ್ಟು ಅವನನ್ನ ಕರೀಬೇಡಿ."

"ಕರೆದಾಯ್ತಲ್ಲರೀ. ಡಬ್ಬಿ ಇಟ್ಟ ಜಾಗ ಸರಿಯಿಲ್ಲ, ಗೋಡೆಗೆ ಭದ್ರವಾಗಿ ಕೂರಿಸ್ಬೇಕಿತ್ತು, ತಪ್ಪು ನಂದೇ ಅಂತ ಒಪ್ಕೊಂಡ್ರು. ಬೇರೆ ಯಾರ ಹೆಸರೂ ಎತ್ತಲಿಲ್ಲ. ಈ ಕೆಲಸದಿಂದ ಬಿಡಿಸಿದೀನಿ. ಮುಂದಿನ ಮಳೆಗಾಲಕ್ಕೆ ಹೊಸಬರು ಬಂದು ಮೊದಲಿಂದ ಅಳೀತಾರೆ."

"ಅವನ ತಪ್ಪಲ್ಲ ಅದು. ನಂದು."

"ಅಕ್ಕ ತಮ್ಮ ಇಬ್ರೂ ಹೀಗೇ ಶುರುಮಾಡಿದ್ರೆ ನಾನು ಯಾರನ್ನ ನಂಬ್ಲಿ? ಬಂದು ಮಾತಾಡಿ," ಎಂದು ನಿರ್ದೇಶಕಿ ಫೋನಿಟ್ಟರು. ಕೆಳಗೆ ಯಾವುದೋ ಮನೆಯಲ್ಲಿ ಮಗು ಕೆಮ್ಮುತ್ತಿತ್ತು. ಇನ್ನೊಂದು ವರ್ಷ ಅದು ಅದೇ ಗೋಡೆಯ ಪಕ್ಕದಲ್ಲಿ ಮಲಗಬೇಕು.

ಪ್ರಯೋಗಾಲಯದಲ್ಲಿ ತಮ್ಮ ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದ. ಕಣ್ಣು ಕೆಂಪಗಿದ್ದವು. ಅಕ್ಕನನ್ನು ಕಂಡು ಸ್ಟೂಲು ಎಳೆದು ಕೊಟ್ಟ.

"ಕೂತ್ಕೋ ಅಕ್ಕ. ಊಟ ಆಯ್ತಾ?"

ಅವಳು ಕೂರಲಿಲ್ಲ.

"ಯಾರೋ ದೂರು ಕೊಟ್ಟಿದಾರೆ," ಎಂದ. "ಮನೆಗೋಸ್ಕರ ಲೆಕ್ಕ ತಿದ್ದಿದೀನಂತೆ. ಕೆಲಸ ಹೋದ್ರೆ ಹೋಗ್ಲಿ, ಬೇರೆ ಸಿಗತ್ತೆ. ನನ್ನ ಬಗ್ಗೆ ಯಾರಾದ್ರೂ ಹಾಗೆ ಅಂದ್ಕೊಳ್ಬಹುದು ಅಂತ ನನಗೆ ಹೊಳ್ದೇ ಇರ್ಲಿಲ್ಲ ಕಣಕ್ಕ. ಮೇಷ್ಟ್ರು ಅಂತ ಒಂದ್ಸಲ ಅನ್ನಿಸ್ತು. ಆದ್ರೆ ಅವರು ಬಾಯಿಬಡುಕರೇ ಹೊರತು ಅಷ್ಟು ಕೆಟ್ಟವರಲ್ಲ. ಇದರಲ್ಲೆಲ್ಲ ನಿನ್ನ ತಲೆ ಚೆನ್ನಾಗಿ ಓಡತ್ತೆ. ಹೇಳು, ನಿನಗೆ ಯಾರ ಮೇಲೆ ಅನುಮಾನ?"

ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತು. ನಿರ್ದೇಶಕಿ ಹೇಳುವವರಲ್ಲ. ಮೇಷ್ಟ್ರ ಹೆಸರು ತುಟಿಯವರೆಗೂ ಬಂದಿತ್ತು, ನಾವು ಅದನ್ನು ಮುಚ್ಚಿಡುವುದು ಬೇಡ.

"ನಾನೇ ಕಣೋ," ಎಂದಳು.

ಅವನು ನಕ್ಕ. ಅಕ್ಕನ ಎಂದಿನ ಕೊಂಕು ಎಂದುಕೊಂಡು ಬಾಯ್ತುಂಬ ನಕ್ಕ. ನಗುತ್ತಲೇ ಅವಳ ಮುಖ ನೋಡಿದ. ನಗು ನಿಂತಿತು. ಅವನು ಅಳಲಿಲ್ಲ. ಅವಳಿಗೆಂದು ಎಳೆದಿದ್ದ ಸ್ಟೂಲನ್ನು ತನ್ನ ಕಡೆಗೆ ಎಳೆದುಕೊಂಡು, ಅದರ ಮೇಲೆ ಪೆಟ್ಟಿಗೆಯಿಟ್ಟು, ಉಳಿದ ವೈರುಗಳನ್ನು ಸುತ್ತತೊಡಗಿದ.