ಊರಿನವರು ಬಂದ ದಿನ

ಊರಿನವರು ಎಂದರೆ ಮುಗಿಯಿತು, ಲೋಲಾಕ್ಷಿ ಮತ್ತೆ ಹಿಂದುಮುಂದು ನೋಡುವವಳಲ್ಲ. ತವರೂರು ಕಾಪು ಕಡೆಯಿಂದ ಯಾರೇ ಬರಲಿ, ಗುರುತಿರಲಿ ಬಿಡಲಿ, ಹೊರರಾಜ್ಯದ ನೆರೂಳದ ಅವಳ ಮನೆಯಲ್ಲಿ ಚಾ, ಊಟ, ಬೇಕಾದರೆ ಮಲಗಲು ಚಾಪೆ. ಮದುವೆಯಾಗಿ ಬಂದ ಹೊಸತರಲ್ಲಿ, ಬಂದುಹೋಗುವವರ ಕೈಯಲ್ಲಿ ಅಮ್ಮ ಕಳಿಸುವ ಹಲಸಿನ ಹಪ್ಪಳದ ಕಟ್ಟನ್ನು ಕಾದು ಕಾದು ದಿನ ದೂಡಿದವಳು ಅವಳು. ಗಂಡ ಧರ್ಮಪಾಲ ಸಾನಪಾಡಾದ ಹೋಟೆಲೊಂದರಲ್ಲಿ ಹಣ ಎಣಿಸುವ ಗಲ್ಲೆಗೆ ಕೂರುವವನು. ಇದು ಮನೆಯೋ ಬಸ್‌ಸ್ಟ್ಯಾಂಡೋ ಎಂದು ಗೊಣಗುತ್ತಲೇ ಬಂದವರಿಗೆ ತಾನೇ ಎಲೆಅಡಿಕೆ ತರುತ್ತಿದ್ದ.

ಅವರ ಒಳಕೋಣೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದವಳು ನಾದಿರಾ. ದೂರದ ದೇಶದ ಹುಡುಗಿ, ಓದಲು ಬಂದವಳು. ಆ ದೇಶದಲ್ಲಿ ಚುನಾವಣೆ ಉಂಟು, ಗೆಲ್ಲುವವನು ಮಾತ್ರ ಯಾವಾಗಲೂ ಒಬ್ಬನೇ. ಅವಳ ಅಣ್ಣ ಅಲ್ಲಿ ಜೈಲಿನಲ್ಲಿದ್ದ. ಅದನ್ನು ಇವಳು ಇಲ್ಲಿ ಕುಳಿತು ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದಳು. ನಮ್ಮ ದೇಶದವರು ನನ್ನನ್ನು ಕೇಳಿಕೊಂಡು ಬಂದರೆ ನಾದಿರಾ ಅಂತ ಇಲ್ಲಿ ಯಾರೂ ಇಲ್ಲ ಎನ್ನಿ ಎಂದು ಮೊದಲ ದಿನವೇ ಹೇಳಿದ್ದಳು. ಸರಕಾರದವರು ಬಂದರೆ ಎಂದು ಲೋಲಾಕ್ಷಿ ತಿಳಿದುಕೊಂಡಳು. ಸರಕಾರ ಎಂದರೆ ಅವಳ ಲೆಕ್ಕದಲ್ಲಿ ಖಾಕಿ, ಫೈಲು, ಜೋರು ದನಿ.

ಬಂದವನಲ್ಲಿ ಇವು ಯಾವುವೂ ಇರಲಿಲ್ಲ. ತಲೆ ನರೆತ ಮನುಷ್ಯ, ಚಪ್ಪಲಿ ಹೊರಗೇ ಬಿಟ್ಟ. ಹಿಂದಿಯಲ್ಲಿ ಮೆಲ್ಲಗೆ, ತಾನು ನಾದಿರಾಳ ಊರಿನವನು, ಅವಳ ತಾಯಿ ಇದನ್ನು ಕೊಟ್ಟಿದ್ದಾರೆ ಎಂದು ಬಟ್ಟೆಯ ಗಂಟೊಂದನ್ನು ತೋರಿಸಿದ. ಒಳಗೆ ಒಣಗಿದ ಜರ್ದಾಳು ಹಣ್ಣು. ಲೋಲಾಕ್ಷಿಯ ಕಣ್ಣು ತುಂಬಿಬಂತು. ಪೆದ್ದಿ ಎನ್ನುವವರು ಎನ್ನಲಿ. ಗಂಟು ಕಟ್ಟಿದ ತಾಯಿಯ ಕೈ ಅವಳಿಗೆ ಕಂಡಿತು, ಹೊತ್ತು ತಂದವನ ಕೈ ಕಾಣಲಿಲ್ಲ. ನಾದಿರಾಳಿಗೆ ಫೋನು ಮಾಡಿ ಬೇಗ ಬಾ ಎಂದಳು. ಹುಡುಗಿ ಖುಷಿಪಡಲಿ ಎಂದು ಕಾರಣ ಮಾತ್ರ ಹೇಳಲಿಲ್ಲ. ಅಷ್ಟರಲ್ಲಿ ನೀರುದೋಸೆ ಎರೆದು ಬಡಿಸಿದಳು. ಅವನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು ಅವಳ ಕೈರುಚಿಯನ್ನು ಹೊಗಳಿದ.

ನಾದಿರಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವನು ದನಿ ಏರಿಸಲಿಲ್ಲ, ಫೋನಿನಲ್ಲಿ ಅವಳ ತಾಯಿಯನ್ನು ತೋರಿಸಿದ, ಅಷ್ಟೇ. ಆಗಷ್ಟೇ ಎಲ್ಲರ ಕೈಗೂ ಬಂದಿದ್ದ ವಿಡಿಯೋ ಕಾಲ್. ಲೋಲಾಕ್ಷಿಯೂ ಬಗ್ಗಿ ಕೈಮುಗಿದಳು. ತಾಯಿ ನಗುತ್ತಿದ್ದಳು. ಆದರೆ ಒಂದೊಂದು ಮಾತಿಗೂ ಮುಂಚೆ ಪಕ್ಕಕ್ಕೆ ನೋಡುತ್ತಿದ್ದಳು, ಅಲ್ಲಿ ಯಾರೋ ಕುಳಿತಿದ್ದಂತೆ. ಹಿಂದಿನ ಗೋಡೆ ಮನೆಯದ್ದಲ್ಲ, ಕಚೇರಿಯದ್ದು. ಲೋಲಾಕ್ಷಿ ಮುಗಿದ ಕೈಯನ್ನು ಕೆಳಗಿಳಿಸಿದಳು.

ಹುಡುಗಿ ಬಟ್ಟೆ ತುಂಬತೊಡಗಿದಳು. ಲೋಲಾಕ್ಷಿಯ ಫೋನು ಬಂದದ್ದೇ ಧರ್ಮಪಾಲ ಹೋಟೆಲಿನಿಂದ ಸೀದಾ ಪೊಲೀಸರ ಹತ್ತಿರ ಓಡಿದ. ಅವಳದೇ ಪಾಸ್‌ಪೋರ್ಟು, ಅವಳದೇ ಇಷ್ಟ, ನಿಮ್ಮ ಕಂಪ್ಲೇಂಟ್ ಏನು ಎಂದು ಅವರು ಕೇಳಿದರು.

ಲೋಲಾಕ್ಷಿ ಅವಳ ಕೈಹಿಡಿದು ಅತ್ತಳು. "ಹೋಗ್ಬೇಡ ಮಗಾ. ಅಲ್ಲಿ ನಿನ್ನನ್ನು ಬಿಡ್ಲಿಕ್ಕಿಲ್ಲ ಅವರು."

"ಹೋಗದಿದ್ದರೆ ಅಮ್ಮನನ್ನು ಬಿಡುವುದಿಲ್ಲ, ಆಂಟಿ," ಎಂದಳು ನಾದಿರಾ ತನ್ನ ಹರಕು ಹಿಂದಿಯಲ್ಲಿ.

"ನಾನೇ ಅಲ್ವಾ ಬಾಗಿಲು ತೆಗ್ದದ್ದು."

"ಅಮ್ಮನೂ ಹೀಗೇ ತೆಗೆದಿರುತ್ತಾಳೆ. ಚಹಾ ಕೂಡ ಕೊಟ್ಟಿರುತ್ತಾಳೆ."

ಕೆಳಗೆ ಕಾರು ಕಾದಿತ್ತು. ಆ ಮನುಷ್ಯ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಇಳಿದ. ಮರುದಿನದಿಂದ ನಾದಿರಾಳ ನಂಬರು ಹತ್ತಲಿಲ್ಲ. ಅವಳು ಬರೆದದ್ದೆಲ್ಲ ಇಂಟರ್ನೆಟ್ಟಿನಿಂದ ಮಾಯವಾಯಿತು. ಜರ್ದಾಳಿನ ಗಂಟು ಡಬ್ಬದಲ್ಲಿ ಉಳಿಯಿತು. ಲೋಲಾಕ್ಷಿಗೆ ತಿನ್ನುವುದಕ್ಕೂ ಆಗಲಿಲ್ಲ, ಎಸೆಯುವುದಕ್ಕೂ ಆಗಲಿಲ್ಲ.

ಮುಂದಿನ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. "ಲೋಲಕ್ಕ, ಕಾಪುವಿಂದ ಬಂದದ್ದು ನಾನು. ನಿಮ್ಮ ಅಮ್ಮ ಹಪ್ಪಳ ಕೊಟ್ಟಿದ್ದಾರೆ."

ಅವಳ ಕೈ ಚಿಲಕಕ್ಕೆ ಹೋಗಿ ಅಲ್ಲೇ ನಿಂತಿತು. ಅಮ್ಮ ಹೇಗಿದ್ದಾರೆ, ಕೊಡುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಒಳಗಿನಿಂದಲೇ ಕೇಳಿದಳು. ಹೊರಗಿನವನಿಗೆ ನಗು ಬಂತು. ಯಾರಿರುತ್ತಾರೆ ಅಕ್ಕ, ಬಾಗಿಲು ತೆಗೀರಿ ಎಂದ.

"ಇಲ್ಲಿ ಲೋಲಾಕ್ಷಿ ಅಂತ ಯಾರೂ ಇಲ್ಲ," ಎಂದಳು ಅವಳು.

ಅವನು ಹಪ್ಪಳದ ಕಟ್ಟನ್ನು ಬಾಗಿಲ ಬುಡದಲ್ಲಿಟ್ಟು ಮೆಟ್ಟಿಲಿಳಿದು ಹೋದ.