ಮಣಿ ಡಬ್ಬಿಗೆ ಬಿದ್ದ ಹನ್ನೆರಡನೆಯದು

ನಮ್ಮಣ್ಣ ಮದುವೆ ಮಾಡಿಕೊಳ್ಳಲಿಲ್ಲ, ಬಸವನಹುಳು ಸಾಕಿಕೊಂಡ. ಸಾಸಿವೆ ಕಾಳಿನಷ್ಟು ಗಾತ್ರ, ಅದರ ಜಂಬ ಮಾತ್ರ ಆನೆಯಷ್ಟು. ಎದುರಿನ ದ್ವೀಪ ಬಿಟ್ಟರೆ ಲೋಕದಲ್ಲೆಲ್ಲೂ ಇಲ್ಲವಂತೆ. ಅಲ್ಲಿ ಇಲಿಗಳು ತಿಂದು ಮುಗಿಸುತ್ತಿದ್ದಾಗ ಹನ್ನೆರಡನ್ನು ಹುಡುಕಿ ತಂದು, ಡಬ್ಬಿಯಲ್ಲಿ ಪಾಚಿ ಹಾಸಿ, ಎರಡು ವರ್ಷ ಜೋಪಾನ ಮಾಡಿದ. ಅಲ್ಲಿ ಈಗ ಒಂದು ಹುಳುವೂ ಉಳಿದಿಲ್ಲ, ಇಲಿಗಳನ್ನೂ ಹಿಡಿದು ಮುಗಿಸಿದ್ದಾರೆ. ಇವನ್ನು ವಾಪಸ್ ಬಿಡುವ ದಿನ ಬಂತು.

ನಾನು ಬಟ್ಟೆಗೆ ಮಣಿ ಹೊಲಿಯುವವಳು. ಇಬ್ಬರದೂ ಕಣ್ಣು ನೋಯಿಸುವ ಕೆಲಸವಾದ್ದರಿಂದ ಒಂದೇ ಮೇಜು, ಒಂದೇ ಭೂತಗನ್ನಡಿ. ಬೆಳಿಗ್ಗೆ ಅವನ ಪಾಳಿ, ಮಧ್ಯಾಹ್ನ ನನ್ನದು.

ಅವತ್ತು ಅಣ್ಣ ಒದ್ದೆ ಕುಂಚದಲ್ಲಿ ಒಂದೊಂದನ್ನೇ ಎತ್ತಿ ಬೇರೆ ಡಬ್ಬಿಗೆ ಇಡುತ್ತಿದ್ದ. ಹನ್ನೊಂದು ಮುಗಿದು ಒಂದು ಉಳಿಯಿತು.

"ಇದೊಂದು ಸೋಮಾರಿ ಕಣೇ. ಮೂರು ತಿಂಗಳಿಂದ ಮಲಗಿದೆ. ಮಲಗಿದ್ದನ್ನ ಮುಟ್ಟಬಾರದು ಅಂತ ಸುಮ್ನೆ ನೀರು ಚಿಮುಕಿಸ್ತಾ ಇದ್ದೆ."

"ಥೇಟ್ ನಿನ್ನ ಥರಾನೇ," ಎಂದು ಭೂತಗನ್ನಡಿ ಕಿತ್ತುಕೊಂಡು ನೋಡಿದೆ. "ಅಣ್ಣಾ, ನಿನ್ನ ಹುಳಕ್ಕೆ ಈ ಕಡೆಯಿಂದ ಆ ಕಡೆಗೆ ತೂತಿದೆಯಲ್ಲೋ. ಇದು ನನ್ನ ಮಣಿ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ, ಕುರ್ಚಿಯಲ್ಲಿ ಕುಸಿದು ಕೂತ.

"ಹಾಗಾದ್ರೆ ಅದೆಲ್ಲಿ?"

ನನ್ನ ನಗು ಅಲ್ಲೇ ನಿಂತಿತು. ಹಿಂದಿನ ದಿನ ಒಂದು ಕಂದು ಮಣಿಗೆ ಎರಡು ಸಲ ಸೂಜಿ ಚುಚ್ಚಿದರೂ ಒಳಗೆ ಹೋಗಿರಲಿಲ್ಲ. ಅಂಗಡಿಯವನಿಗೆ ಹಿಡಿಶಾಪ ಹಾಕಿ, ಕೆಟ್ಟ ಮಣಿಗಳ ಡಬ್ಬಿಗೆ ಎಸೆದಿದ್ದೆ. ಡಬ್ಬಿ ಬೋರಲು ಹಾಕಿ ಹುಡುಕಿದೆ. ಸಿಕ್ಕಿತು, ಚಿಪ್ಪಿನ ಬಾಯಿ ಬಿಗಿದುಕೊಂಡಿತ್ತು.

ಅಣ್ಣ ಒಂದು ತೊಟ್ಟು ನೀರು ಬಿಟ್ಟ. ದೋಣಿಯವನು ಎರಡು ಸಲ ಫೋನ್ ಮಾಡಿದ, ಇಬ್ಬರೂ ಎತ್ತಲಿಲ್ಲ. ತಲೆಗೆ ತಲೆ ತಾಗಿಸಿಕೊಂಡು ಒಂದೇ ಭೂತಗನ್ನಡಿಯಲ್ಲಿ ನೋಡುತ್ತಾ ಕೂತೆವು. ತುಂಬಾ ಹೊತ್ತಿನ ಮೇಲೆ ದಾರದ ತುದಿಯಂಥ ಎರಡು ಕೊಂಬು ಹೊರಗೆ ಬಂದವು. ನನಗೆ ಅಳುವೇ ಬಂದುಬಿಟ್ಟಿತು.

"ಮಣಿಗೆ ನೀರು ಹಾಕಿದ್ದು ಅಮ್ಮಂಗೆ ಹೇಳ್ಬೇಡ," ಎಂದ ಅಣ್ಣ.

"ಸೂಜಿ ಚುಚ್ಚಿದ್ದು ನೀನು ಹೇಳ್ಬೇಡ."

ಹನ್ನೆರಡೂ ಹೊರಟವು. ಬಾಗಿಲಲ್ಲಿ ನಾನು ಕೈ ಚಾಚಿದೆ. "ನನ್ನ ಮಣಿ ಕೊಟ್ಟು ಹೋಗು."

"ಇರ್ಲಿ ಬಿಡೇ," ಎಂದು ಅಣ್ಣ ಜೇಬು ಮುಟ್ಟಿ ನೋಡಿಕೊಂಡ. "ನಾಳೆಯಿಂದ ಮನೇಲಿ ನಂಗೆ ಸಾಕೋಕೆ ಇದೊಂದೇ ಅಲ್ವಾ."