ಗೂಟದ ಮೇಲಿನ ಬಂದೂಕು

ಚಿಕ್ಕಬೈರಪ್ಪ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಪೊಲೀಸ್ ಜೀಪು ಬಂದು ಬಾಗಿಲಲ್ಲಿ ನಿಂತಿತು. ಪುಟ್ಟೇನಹಳ್ಳಿ ಕೆರೆಯ ಪಕ್ಕದ ಆ ಮನೆಗೆ ಜೀಪಿರಲಿ, ನೆಂಟರು ಬಂದೇ ವರ್ಷವಾಗಿತ್ತು. ಹೆಂಡತಿ ಅಕ್ಕಯಮ್ಮ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ಕಡಲೆಕಾಯಿ ಹೊಲ ಬಡಾವಣೆಗೆ ಹೋಗಿತ್ತು. ಉಳಿದದ್ದು ಹಂದಿ ಓಡಿಸಲೆಂದು ಅಪ್ಪನ ಕಾಲದಲ್ಲಿ ಲೈಸೆನ್ಸ್ ಪಡೆದ ಒಂಟಿನಳಿಗೆಯ ಬಂದೂಕೊಂದೇ. ದಿನಾ ಸಂಜೆ ಅದನ್ನು ಗೋಡೆಯ ಗೂಟದಿಂದ ಇಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತ, ಅಂದಿನ ಸಮಾಚಾರವನ್ನೆಲ್ಲ ಅದಕ್ಕೇ ಹೇಳುತ್ತಿದ್ದ. ಇನ್ಯಾರಿಗೆ ಹೇಳಬೇಕು, ಪಾಪ!

ಎಂಬತ್ತಮೂರರ ಚುನಾವಣೆ ಹತ್ತಿರ ಬಂದಿತ್ತು. ಚುನಾವಣೆ ಬಂತೆಂದರೆ ಬಂದೂಕು ಇರುವವರು ಅದನ್ನು ಠಾಣೆಗೆ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಗಡುವು ಮುಗಿದರೂ ಚಿಕ್ಕಬೈರಪ್ಪ ಹೋಗಿರಲಿಲ್ಲ.

ಕಾನ್‌ಸ್ಟೇಬಲ್ ಉಗ್ರಪ್ಪ ಒಳಗೆ ಬರುತ್ತಲೇ ಗದರಿದ. "ಬಂದೂಕು ಎಲ್ಲಿ ಬಚ್ಚಿಟ್ಟಿದೀಯಾ?"

ಬಂದೂಕು ಉಗ್ರಪ್ಪನ ತಲೆಯ ಮೇಲೇ ತೂಗುತ್ತಿತ್ತು. ಬಚ್ಚಿಟ್ಟಿಲ್ಲ ಎಂದರೆ ಎದುರುತ್ತರ; ತೋರಿಸಿದರೆ ಬಚ್ಚಿಟ್ಟದ್ದು ಸಿಕ್ಕಿತು ಎಂದಾಗುತ್ತದೆ. ಚಿಕ್ಕಬೈರಪ್ಪ ಮುದ್ದೆ ತಿರುವುತ್ತಲೇ ಇದ್ದ.

"ಯಾವ ಪಾರ್ಟಿಗೆ ಕೊಡೋಣ ಅಂತಿದ್ದೆ? ಯಾರನ್ನ ಹೆದರಿಸೋಕೆ?" ಉಗ್ರಪ್ಪ ಬಿಡಲಿಲ್ಲ.

ಹೊಸ ಸಬ್‌ಇನ್ಸ್‌ಪೆಕ್ಟರ್ ಸೇತುರಾಮ ಸೊಂಟದ ರಿವಾಲ್ವರ್ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದ. "ಲೈಸೆನ್ಸ್ ಕ್ಯಾನ್ಸಲ್ ಮಾಡಿಸಿದ್ರೆ ಬಾಯಿ ಬರುತ್ತೆ ಬಿಡಿ," ಎಂದ.

ಚಿಕ್ಕಬೈರಪ್ಪನ ಕಣ್ಣು ಗೂಟದ ಕಡೆಗೆ ಹೋಯಿತು. ಉಳಿದಿದ್ದ ಆ ಒಂದು ಸಂಗಾತಿಯೂ ಹೋದರೆ?

"ನಿಮ್ಮ ಸೊಂಟದಾಗಿರೋದು ಯಾರನ್ನ ಹೆದರಿಸೋಕೆ ಸಾರ್?" ಮಾತು ಬಾಯಿಂದ ಬಿದ್ದೇಹೋಯಿತು.

ಉಗ್ರಪ್ಪ ಕೈಯೆತ್ತಿದ. ಸೇತುರಾಮ ತಡೆದ. ತನ್ನ ಕೈ ಎಲ್ಲಿದೆಯೆಂದು ಅವನಿಗೆ ಗೊತ್ತಾದದ್ದು ಆಗಲೇ. ಕೈಯನ್ನು ರಿವಾಲ್ವರ್ ಮೇಲಿಂದ ತೆಗೆದು, ಮಣೆ ಎಳೆದುಕೊಂಡು ಕೂತ.

"ಆಯ್ತು ಗೌಡ್ರೆ. ಯಾಕೆ ತಂದುಕೊಡಲಿಲ್ಲ?"

ಇದಕ್ಕೆ ಉತ್ತರವಿತ್ತು. "ನೀವೇ ಇಳಿಸಿ ನೋಡಿ ಸಾರ್. ನಾನು ಮುಟ್ಟಿದ್ರೆ ಅದೂ ತಪ್ಪಾಗುತ್ತೆ."

ಸೇತುರಾಮ ಇಳಿಸಿದ. ನಳಿಗೆ ಫಳಫಳ ಹೊಳೆಯುತ್ತಿತ್ತು. ಮರದ ಹಿಡಿಯಲ್ಲಿ ಮಾತ್ರ ಉದ್ದಕ್ಕೂ ಸೀಳು.

"ಹೋದ ಎಲೆಕ್ಷನ್ನಾಗೆ ನಾನಾಗೇ ತಂದುಕೊಟ್ಟೆ. ವಾಪಸ್ ಕೊಡೋವಾಗ ಹಿಂಗಾಗಿತ್ತು. ಕೇಳಿದ್ರೆ, ಒಡೆದಿರೋದನ್ನ ತಂದು ನಮ್ಮ ತಲೆಗೆ ಯಾಕೆ ಕಟ್ತೀಯಾ ಅಂದ್ರು. ಏನಂತ ಹೇಳ್ಲಿ ಸಾರ್?"

"ನಮ್ಮ ಕಷ್ಟ ಇವರಿಗೇನು ಗೊತ್ತು?" ಎಂದು ಉಗ್ರಪ್ಪ ಗೊಣಗಿದ. "ಬೂತ್ ಹತ್ರ ಒಂದು ಗುಂಡು ಹಾರಿದ್ರೆ ಹೋಗೋದು ನಮ್ಮ ಕೆಲಸ." ಅದೂ ಸುಳ್ಳಲ್ಲ.

ಸೇತುರಾಮ ಅಲ್ಲೇ ರಸೀದಿ ಬರೆದು ಗಟ್ಟಿಯಾಗಿ ಓದಿದ: "ಹಿಡಿಯಲ್ಲಿ ಹಳೆಯ ಸೀಳು ಒಂದು. ಉಳಿದಂತೆ ಸುಸ್ಥಿತಿಯಲ್ಲಿದೆ." ಸಹಿ ಹಾಕಿ ಕೊಟ್ಟ.

ಮುಂದಿನ ದಿನಗಳಲ್ಲಿ ಚಿಕ್ಕಬೈರಪ್ಪ ಸಂಜೆ ಎಣ್ಣೆ ಬಟ್ಟೆ ಹಿಡಿದು ಖಾಲಿ ಗೂಟದ ಎದುರು ಕೂರುತ್ತಿದ್ದ. ಕತ್ತಲಾದ ಮೇಲೆ ಬಟ್ಟೆ ಮಡಿಸಿಟ್ಟು ಏಳುತ್ತಿದ್ದ.

ಎಣಿಕೆ ಮುಗಿದ ಮಾರನೆಯ ದಿನ ಠಾಣೆಗೆ ಹೋದ. ಏನು ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆದಿದ್ದ. ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ತಂದುಕೊಟ್ಟವನು ಉಗ್ರಪ್ಪನೇ. ಹೊಸ ಗೀರು ಒಂದೂ ಇರಲಿಲ್ಲ. ಯಾರೋ ಎಣ್ಣೆ ಕೂಡ ಹಚ್ಚಿದ್ದರು.

ಸೇತುರಾಮ ತಲೆಯೆತ್ತಿ ಕೇಳಿದ. "ಊಟ ಆಯ್ತಾ ಗೌಡ್ರೆ?"

ಈ ಪ್ರಶ್ನೆಯಲ್ಲಿ ಕೊಕ್ಕೆ ಎಲ್ಲಿದೆಯೆಂದು ಚಿಕ್ಕಬೈರಪ್ಪ ಹುಡುಕಿದ. ಸಿಗಲಿಲ್ಲ. ಅಕ್ಕಯಮ್ಮ ಹೋದ ಮೇಲೆ ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ ಸಾರ್," ಎಂದ. ಬಂದೂಕನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತ.